ಗುಂಡಿಗೆ ಬ್ರೇಕ್ ಇಲ್ಲ, ಗಾಡಿಗೆ ಇದೆ

1/4
ಗಾಡಿ ಗುದ್ದಿ ಸತ್ತ ಜಿಂಕೆ ಫೋಟೋ ಬಂದ್ರೆ ಸಾಕು, ಕೆಳಗೆ ಶಿಕಾರಿ ಭಾಷೆ ಶುರು. "ಒಂದೇ ಶಾಟ್!" "ಕ್ಯಾಲಿಬರ್ ಎಷ್ಟು ಮಗಾ?" "ಗುರಿ ಅಂದ್ರೆ ಇದು!" ನಗು ಬಂತಾ? ಸರಿ, ಆ ಲೆಕ್ಕಾನೇ ಪೂರ್ತಿ ಮಾಡೋಣ ಬನ್ನಿ.

2/4
ಪಿಯುಸಿ ಫಿಸಿಕ್ಸ್ ನೆನಪಿದೆಯಲ್ಲ? ಅರ್ಧ ಎಂ ವಿ ಸ್ಕ್ವೇರ್. 10 ಗ್ರಾಂ ಗುಂಡು, ಸೆಕೆಂಡಿಗೆ 800 ಮೀಟರ್: 3,200 ಜೂಲ್. 1,200 ಕೆ.ಜಿ. ಕಾರು, ಗಂಟೆಗೆ 60 ಕಿ.ಮೀ.: ಸುಮಾರು 1,66,000 ಜೂಲ್. ಅಂದ್ರೆ ಐವತ್ತು ಗುಂಡು ಒಟ್ಟಿಗೆ! ಕೋವಿಗೆ ಲೈಸೆನ್ಸ್ ಕೇಳೋ ನಾವು ಆಕ್ಸಿಲರೇಟರ್ ಒತ್ತುವಾಗ ಯೋಚನೆ ಮಾಡ್ತೀವಾ?

3/4
ಜಿಂಕೆ ಬಿಡಿ, ಆನೇನೇ ಉಳಿಯಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಹುಣಸೂರು–ಗೋಣಿಕೊಪ್ಪ ರಸ್ತೆಯ ಮತ್ತಿಗೋಡು ಬಳಿ ಬಸ್ ಗುದ್ದಿ ಸಾಕಾನೆ ರಂಗ ಸತ್ತ. ಅವನಿಗೂ "ಹೆಡ್‌ಶಾಟ್" ಅಂತೀರಾ?

4/4
"ಪ್ರಾಣಿ ಅಡ್ಡ ಬಂದ್ರೆ ಏನ್ ಮಾಡೋಕಾಗುತ್ತೆ?" ಅಂತೀರಿ. ವೇಗ ಅರ್ಧ ಮಾಡಿ, ಹೊಡೆತ ಕಾಲು ಭಾಗಕ್ಕೆ ಇಳಿಯುತ್ತೆ. ಅದೇ ಸೂತ್ರ. ನಮ್ಮ ಅಂತರಸಂತೆ ದಾಟಿ ಮಾನಂದವಾಡಿ ಕಡೆ ಹೋಗೋ ಕಾಡುರಸ್ತೆಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕೋದು ಸುಮ್ನೆ ಅಲ್ಲ. ಆದ್ರೆ ಹಗಲಲ್ಲಿ ಗೇಟ್ ಇರಲ್ಲ, ನಿಮ್ಮ ಕಾಲೇ ಗೇಟು.

"ಶಾಟ್" ಅಂದ ತಕ್ಷಣ ಡ್ರೈವರ್ ಹೀರೋ ಆಗ್ತಾನೆ, "ಎಷ್ಟು ಸ್ಪೀಡಲ್ಲಿದ್ದೆ?" ಅನ್ನೋ ಪ್ರಶ್ನೆ ಸಾಯುತ್ತೆ. ಜೋಕಿನ ಅಸಲಿ ಕೆಲಸ ಅದೇ. ಮುಂದಿನ ಸಲ ನಗೋ ಇಮೋಜಿ ಬದಲು ಆ ಪ್ರಶ್ನೆ ಹಾಕಿ.

#ಅಂತರಸಂತೆ #ನಾಗರಹೊಳೆ #ನಿಧಾನ_ಹೋಗಿ