ಮುಖ ನಿಮ್ಮದೇ, ಜೋಪಾನ!

ಕಾಲೇಜು ಹುಡುಗ-ಹುಡುಗೀರೇ, ಈ ವಾರ ಗಾಳಿಸುದ್ದಿ ಇಲ್ಲ, ಪಾಠ ಇದೆ! 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಬಿಟ್ಟರಲ್ಲ, ನೆನಪಿದೆಯೇ? ಡೀಪ್‌ಫೇಕ್ ಅಂತಾರೆ ಅದಕ್ಕೆ. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಹಿಡಿದದ್ದು ಯಾರನ್ನು ಗೊತ್ತೇ? ಅವರದೇ ಅಭಿಮಾನಿ ಪುಟ ನಡೆಸುತ್ತಿದ್ದ, ಇಂಜಿನಿಯರಿಂಗ್ ಓದಿದ ಹುಡುಗನನ್ನು! ಫಾಲೋವರ್ಸ್ ಹೆಚ್ಚಲಿ ಅಂತ ಮಾಡಿದನಂತೆ.

ಶಾಲೆ-ಕಾಲೇಜಿನ ದಿನಗಳಲ್ಲಿ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲಾರೆ ಎಂದು ರಶ್ಮಿಕಾ ಆಗ ಬರೆದರು. ನನಗೆ ಚುಚ್ಚಿದ್ದು ಆ ಮಾತು. ತಾರೆಯ ಪರವಾಗಿ ಅಮಿತಾಭ್ ಬಚ್ಚನ್ ದನಿ ಎತ್ತಿದರು. ಪಿಯುಸಿ ಹುಡುಗಿಯ ಪರವಾಗಿ ಯಾರು?

ಅದಕ್ಕೇ ಮೇಷ್ಟ್ರೇ, ‘ಫೋನ್ ಮುಟ್ಟಬೇಡಿ’ ಅಂದರೆ ಸಾಲದು. ಖಾತೆಯನ್ನು ಪ್ರೈವೇಟ್ ಮಾಡೋದು, ಪಾಸ್‌ವರ್ಡ್ ಜೀವದ ಗೆಳತಿಗೂ ಹೇಳದಿರೋದು, ಗೆಳೆಯರ ಫೋಟೋ ಕೇಳದೆ ಹಾಕದಿರೋದು ಕಲಿಸಿ. ಸಿನಿಮಾದಲ್ಲಿ ಕೆಟ್ಟ ಶಾಟ್ ಇದ್ದರೆ ಎಡಿಟರ್ ಕತ್ತರಿಸ್ತಾನೆ; ಇಲ್ಲಿ ನೀವು ಅಳಿಸಿದರೂ ಇನ್ನೊಬ್ಬರ ಫೋನಿನಲ್ಲಿ ಉಳಿದೀತು!

ಏನಾದರೂ ಆಯಿತೋ, ಅಳುತ್ತಾ ಕೂರಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮನೇಲಿ ಹೇಳಿ, ಜಿಲ್ಲೆಯ ಸೈಬರ್ ಪೊಲೀಸರಿಗೆ ದೂರು ಕೊಡಿ. ನಾಚಬೇಕಾದವನು ಮುಖ ಕದ್ದವನು, ನೀವಲ್ಲ. ಏನಂತೀರಿ?