ಫೋಟೋ ಪುಸ್ತಕ: ಬೇಕಾದಷ್ಟೇ ಪ್ರತಿ ಮಾಡಿಸೋಣ

ಈ ವರ್ಷ ದ್ವಿತೀಯ ಪಿಯುಸಿಯವರಿಗೆ ಬೀಳ್ಕೊಡುಗೆಯ ನೆನಪಿಗೆ ಒಂದು ಫೋಟೋ ಪುಸ್ತಕ ತರಬೇಕೆಂಬ ಮಾತು ಕಾಲೇಜಿನಲ್ಲಿ ನಡೆದಿದೆ. 300 ಪ್ರತಿ ಒಟ್ಟಿಗೆ ಅಚ್ಚು ಹಾಕಿಸಿ, ಎಲ್ಲರಿಂದಲೂ ಸಮನಾಗಿ ಹಣ ಸಂಗ್ರಹಿಸೋಣ ಎಂಬುದು ಹಲವರ ಸಲಹೆ. ಪುಸ್ತಕ ಬೇಕೆಂಬುದಕ್ಕೆ ನನ್ನ ಒಪ್ಪಿಗೆ ಇದೆ, ಹಣ ಸಂಗ್ರಹಿಸುವ ಈ ಕ್ರಮಕ್ಕೆ ಇಲ್ಲ. ಎಷ್ಟು ಜನ ಕೇಳುತ್ತಾರೋ ಅಷ್ಟೇ ಪ್ರತಿ ಮುದ್ರಿಸಿಕೊಡುವ ‘ಪ್ರಿಂಟ್ ಆನ್ ಡಿಮಾಂಡ್’ ಪದ್ಧತಿಯೇ ನಮಗೆ ಸರಿ ಎಂಬುದು ನನ್ನ ಅಭಿಪ್ರಾಯ.

ನಾವು ಅರ್ಥಶಾಸ್ತ್ರದಲ್ಲಿ ಓದುವ ಸ್ಥಿರ ವೆಚ್ಚ, ಬದಲಾಗುವ ವೆಚ್ಚಗಳೇ ಇಲ್ಲಿಯೂ ಇವೆ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣಗಳಿಗೆ ಬೇರೆ ಬೇರೆ ಪ್ಲೇಟ್ ಮಾಡಬೇಕು. ಹತ್ತು ಪ್ರತಿ ಮಾಡಿದರೂ ಸಾವಿರ ಮಾಡಿದರೂ ಆ ಖರ್ಚು ಅಷ್ಟೇ. ಡಿಜಿಟಲ್ ಯಂತ್ರಕ್ಕೆ ಪ್ಲೇಟ್ ಬೇಡ, ಒಂದೇ ಪ್ರತಿಯನ್ನೂ ತೆಗೆಯಬಹುದು. ಆದರೆ ಪ್ರತಿಯೊಂದರ ಬೆಲೆ ಹೆಚ್ಚು.

ಉದಾಹರಣೆಗೆ, ಆಫ್‌ಸೆಟ್‌ಗೆ ಸ್ಥಿರ ವೆಚ್ಚ 30,000 ರೂಪಾಯಿ, ಪ್ರತಿಗೆ 150 ರೂಪಾಯಿ ಎಂದಿಟ್ಟುಕೊಳ್ಳೋಣ. ಡಿಜಿಟಲ್‌ನಲ್ಲಿ ಪ್ರತಿಗೆ 450 ರೂಪಾಯಿ. ಎರಡೂ ಸಮನಾಗುವುದು 100 ಪ್ರತಿಗೆ. 300 ಜನರೂ ಹಣ ಕೊಟ್ಟರೆ ಆಫ್‌ಸೆಟ್ ಪುಸ್ತಕ ಒಬ್ಬರಿಗೆ 250 ರೂಪಾಯಿಗೆ ಸಿಗುತ್ತದೆ. 80 ಜನ ಮಾತ್ರ ಬೇಕೆಂದರೆ ಅದೇ ಪುಸ್ತಕ 525 ರೂಪಾಯಿ ಆಗುತ್ತದೆ. ಅಂದರೆ 250 ರೂಪಾಯಿಯ ಅಗ್ಗದ ಬೆಲೆ ಬರುವುದು ಬೇಡವೆನ್ನುವವರೂ ಕೊಟ್ಟಾಗ ಮಾತ್ರ. ದಿನಗೂಲಿಯ ಮನೆಯಿಂದ, ಆಟೋ ಓಡಿಸುವವರ ಮನೆಯಿಂದ ಬರುವವರು ನಮ್ಮ ತರಗತಿಯಲ್ಲೇ ಇದ್ದಾರೆ. ಅಂಥವರು ಎಲ್ಲರ ಮುಂದೆ ‘ನನಗೆ ಬೇಡ’ ಎನ್ನಲಾರರು. ಮನೆಯಲ್ಲಿ ಕೇಳಲೂ ಆರರು.

ಬೇಕಾದವರಿಗೆ 450 ದುಬಾರಿಯಲ್ಲವೇ ಎಂದು ಕೇಳಬಹುದು. ಹೌದು. ಅದಕ್ಕೆ ಪುಟ ಕಡಿಮೆ ಮಾಡೋಣ. 60 ಪುಟದ ಬದಲು 40 ಪುಟ ಸಾಕು, ಒಂದೇ ವೇದಿಕೆಯ ಹತ್ತು ಫೋಟೋ ಯಾರಿಗೂ ಬೇಡ. ಗ್ರಂಥಾಲಯಕ್ಕೆ ಎರಡು ಪ್ರತಿ ಕೊಟ್ಟರೆ ಕೊಳ್ಳಲಾಗದವರೂ ನೋಡುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಕನ್ನಡದಲ್ಲಿ ಹೇಳುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಹಾಸಿಗೆಯ ಬದಲು ಚಾದರ್ ಇದೆ, ಮಾತು ಅದೇ. ಹಂಚದೆ ಉಳಿದ ಪುಸ್ತಕದ ಕಟ್ಟುಗಳು ಕಪಾಟಿನಲ್ಲಿ ಧೂಳು ತಿನ್ನುವುದು ಇಸ್ರಾಫ್ ಅಲ್ಲದೆ ಮತ್ತೇನು?

ಇನ್ನು ಎಲ್ಲಿ ಮಾಡಿಸುವುದು? ಬೆಂಗಳೂರಿನ ಪೋಥಿ, ಚೆನ್ನೈನ ನೋಷನ್ ಪ್ರೆಸ್, ಅಮೆರಿಕದ ಬ್ಲರ್ಬ್ ಇವೆಲ್ಲ ಈ ಸೇವೆ ಕೊಡುವ ಸಂಸ್ಥೆಗಳು. ಊರಿನ ಡಿಜಿಟಲ್ ಪ್ರೆಸ್‌ನವರೂ ಇದನ್ನೇ ಮಾಡಬಲ್ಲರು. ದರಪಟ್ಟಿ ನೋಡಿ ತೀರ್ಮಾನಿಸುವುದು ಬೇಡ. ಸಾಗಣೆ ವೆಚ್ಚ ಸೇರಿಸಿ ಒಟ್ಟು ಬೆಲೆ ಕೇಳಬೇಕು. ವಿದೇಶದಿಂದ ಬರುವ ಪುಸ್ತಕಕ್ಕೆ ಸಾಗಣೆಯೇ ಭಾರವಾಗುತ್ತದೆ. ಮೊದಲು ಒಂದೇ ಒಂದು ಮಾದರಿ ಪ್ರತಿ ತರಿಸಬೇಕು. ಮೊಬೈಲ್ ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಚೆಲ್ಲುವುದಿಲ್ಲ. ಹಾಗಾಗಿ ಸಂಜೆಯ ಕಾರ್ಯಕ್ರಮದ ಫೋಟೋಗಳು ಅಚ್ಚಿನಲ್ಲಿ ಇನ್ನೂ ಕಪ್ಪಾಗಿ ಕಾಣುತ್ತವೆ. ಗಮ್ ಬೈಂಡಿಂಗ್ ಮಾಡಿದರೆ ಎರಡು ಪುಟಕ್ಕೆ ಹರಡಿದ ಗುಂಪು ಫೋಟೋದಲ್ಲಿ ನಡುವೆ ನಿಂತವರ ಮುಖ ಅಂಟಿಸಿದ ಅಂಚಿನ ಕಡೆ ಮುಚ್ಚಿಹೋಗುತ್ತದೆ. ಮದುವೆಯ ಕರಿಜ್ಮಾ ಆಲ್ಬಂನಂತೆ ಚಪ್ಪಟೆಯಾಗಿ ತೆರೆಯುವ ಪುಸ್ತಕ ನಮ್ಮ ಕೈಗೆ ಎಟುಕುವ ಬೆಲೆಯದಲ್ಲ. ಆದ್ದರಿಂದ ಗುಂಪು ಫೋಟೋಗಳನ್ನು ಒಂದೇ ಪುಟದಲ್ಲಿ ಇಡೋಣ.

ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಚೆನ್ನ. 8 ಇಂಚು ಅಗಲ, 10 ಇಂಚು ಎತ್ತರದ ಪುಟಕ್ಕೆ 2400 x 3000 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಎಲ್ಲರಿಗೂ ಹೇಳಬೇಕು.

ಲಿಪಿಯದು ಇನ್ನೊಂದು ಪ್ರಶ್ನೆ. ನಮ್ಮ ಪುಸ್ತಕದಲ್ಲಿ ಕನ್ನಡ, ಇಂಗ್ಲಿಷ್, ಉರ್ದು ಮೂರೂ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ತಂತ್ರಾಂಶಕ್ಕೆ ಅಂಟಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಉರ್ದುವಿನ ನಸ್ತಾಲೀಖ್ ಬಲದಿಂದ ಎಡಕ್ಕೆ ಸಾಗುತ್ತದೆ, ಅಕ್ಷರಗಳು ಮೇಲಿನಿಂದ ಕೆಳಗೆ ಇಳಿಯುತ್ತಾ ಕೂಡಿಕೊಳ್ಳುತ್ತವೆ. ತಂತ್ರಾಂಶ ಸರಿಯಿಲ್ಲದಿದ್ದರೆ ಅವು ಬಿಡಿಬಿಡಿಯಾಗಿ ನಿಲ್ಲುತ್ತವೆ. ಫಾಂಟ್ ಒಳಗೊಂಡ ಪಿಡಿಎಫ್ ನಾವೇ ತಯಾರಿಸಿ ಕೊಡುವುದು ಕ್ಷೇಮ. ಅದನ್ನು ಸ್ವೀಕರಿಸದ ಸೇವೆ ನಮಗೆ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ನಂಬಿಕೆ. ಕನ್ನಡದಲ್ಲಿ ‘ಅಮಾನತು’ ಎಂದರೆ ನೌಕರಿಯಿಂದ ದೂರ ಇಡುವುದು ನೆನಪಾಗುತ್ತದೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಸಹಪಾಠಿಯ ಫೋಟೋ ಅಂಥ ಅಮಾನತ್. ಫೋಟೋ ಎಲ್ಲೆಂದರಲ್ಲಿ ಹೋಗಬಾರದು ಎನ್ನುವ ವಿದ್ಯಾರ್ಥಿನಿಯರು ನಮ್ಮಲ್ಲಿ ಇದ್ದಾರೆ. ಪ್ರತಿಯೊಬ್ಬರ ಒಪ್ಪಿಗೆ ಪಡೆದ ಮೇಲೆಯೇ ಫೋಟೋ ಸೇರಿಸಬೇಕು. ಪುಸ್ತಕವನ್ನು ಸಾರ್ವಜನಿಕ ಮಾರಾಟಕ್ಕೆ ಇಡದೆ ನಮಗಷ್ಟೇ ಮುದ್ರಿಸಿಕೊಡುವ ಸೇವೆಯನ್ನೇ ಆರಿಸಬೇಕು. ಮಾರಾಟವಿಲ್ಲದ ಪುಸ್ತಕಕ್ಕೆ ಐಎಸ್‌ಬಿಎನ್ ಕೂಡ ಬೇಕಿಲ್ಲ.

ನನ್ನ ಸಲಹೆ ಇಷ್ಟು: ಬೇಕಾದವರು ಕಚೇರಿಯಲ್ಲಿಟ್ಟ ಪೆಟ್ಟಿಗೆಗೆ ಚೀಟಿ ಹಾಕಲಿ, ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ತರಗತಿಯಲ್ಲಿ ಓದುವುದು ಬೇಡ. ಮಾದರಿ ಪ್ರತಿ ಒಂದು ವಾರ ಗ್ರಂಥಾಲಯದ ಮೇಜಿನ ಮೇಲಿರಲಿ. ತಪ್ಪು ಕಂಡವರು ಗುರುತು ಹಾಕಲಿ, ತನ್ನ ಫೋಟೋ ಬೇಡವೆನ್ನುವವರು ಆಗಲೂ ಹೇಳಲಿ. ಆಮೇಲೆ ಚೀಟಿ ಎಣಿಸಿ ಆರ್ಡರ್ ಕೊಡೋಣ. ಪ್ರಾಂಶುಪಾಲರು ಮತ್ತು ಉಪನ್ಯಾಸಕರು ಇದನ್ನು ಪರಿಶೀಲಿಸಬೇಕೆಂದು ವಿನಂತಿ.