ಮಳೆಯ ರಸ್ತೆ, ಬೋಳು ಟೈರು

ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ನನ್ನ ಅಕ್ಕನ ಮಗ ಕಳೆದ ಅಕ್ಟೋಬರಿನಲ್ಲಿ ದೂರವಾಣಿಯಲ್ಲಿ ಮಾತನಾಡುತ್ತಾ, “ಈ ಶನಿವಾರ ಬಿಡುವಿಲ್ಲ ಮಾಮ, ಕಾರಿಗೆ ಚಳಿಗಾಲದ ಟೈರು ಹಾಕಿಸಬೇಕು” ಎಂದ. ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಒಂದು ಬಗೆಯ ಟೈರು, ಉಳಿದ ಕಾಲಕ್ಕೆ ಇನ್ನೊಂದು ಎಂಬುದು ಅಲ್ಲಿಯ ರೂಢಿ. ಹಿಮ ಬಿದ್ದ ರಸ್ತೆಯಲ್ಲಿ ತಕ್ಕ ಟೈರಿಲ್ಲದೆ ಓಡಿಸಿದರೆ ದಂಡವೂ ಉಂಟು. “ನಿಮ್ಮ ಕಾರಿನದು ಯಾವ ಟೈರು?” ಎಂದು ಅವನು ಕೇಳಿದಾಗ, “ಕಪ್ಪು ಬಣ್ಣದ್ದು” ಎಂದು ನಕ್ಕುಬಿಟ್ಟೆ.

ಆ ನಗೆ ಹೆಚ್ಚು ದಿನ ಉಳಿಯಲಿಲ್ಲ. ಅದೇ ತಿಂಗಳಲ್ಲಿ ಕೃಷ್ಣಗಿರಿಯ ನ್ಯಾಯಾಲಯದಿಂದ ಹೊಸೂರಿಗೆ ಮರಳುವಾಗ ಶೂಲಗಿರಿಯ ಬಳಿ ಮಳೆ ಹಿಡಿಯಿತು. ಹೆದ್ದಾರಿಯ ತಗ್ಗಿನಲ್ಲಿ ನಿಂತ ನೀರಿಗೆ ಕಾರು ನುಗ್ಗಿದೊಡನೆ ಸ್ಟೀರಿಂಗ್ ಹಗುರಾಯಿತು. ಬ್ರೇಕ್ ಒತ್ತಿದರೂ ಕಾರು ತನ್ನ ಪಾಡಿಗೆ ತೇಲುತ್ತಾ ಸಾಗಿತು. ಹಿಂದೆ ಲಾರಿ ಇರಲಿಲ್ಲವಾದ್ದರಿಂದ ಈ ವಾರದ ಅಂಕಣ ನನ್ನ ಕೈಯಲ್ಲೇ ಬರೆಯಲ್ಪಡುತ್ತಿದೆ.

ಮರುದಿನ ಮುಂದಿನ ಟೈರುಗಳನ್ನು ಬಾಗಿ ನೋಡಿದೆ. ನಮ್ಮ ಮೆಕ್ಯಾನಿಕ್‌ಗಳು ಬಟನ್ ಎನ್ನುವ ಗೆರೆಗಳು ಬಹುತೇಕ ಅಳಿದಿದ್ದವು. ಒಂದು ಟೈರು ನೆಲವನ್ನು ಮುಟ್ಟುವುದು ನಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಅಲ್ಲಿ ಸಿಕ್ಕಿದ ನೀರನ್ನು ಹೊರಕ್ಕೆ ಸಾಗಿಸುವ ಕಾಲುವೆಗಳೇ ಆ ಗೆರೆಗಳು. ಕಾಲುವೆ ಹೂತುಹೋದರೆ ನೀರು ಟೈರಿನ ಕೆಳಗೇ ಉಳಿದು, ಕಾರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಓಡತೊಡಗುತ್ತದೆ. ಗಾಳಿ ಕಡಿಮೆಯಿದ್ದರೆ ಇದು ಇನ್ನೂ ಕಡಿಮೆ ವೇಗದಲ್ಲೇ ಸಂಭವಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 94ನೇ ನಿಯಮದಂತೆ ಕಾರಿನ ಟೈರಿನಲ್ಲಿ ಗೆರೆಯ ಆಳ 1.6 ಮಿಲಿಮೀಟರಿಗಿಂತ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗಿಂತ ಕಡಿಮೆಯಿರಕೂಡದು. ಅಳೆಯಲು ಉಪಕರಣ ಬೇಡ. ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬಗಳಿರುತ್ತವೆ. ಟೈರಿನ ಮೈ ಆ ದಿಬ್ಬದ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತೆಂದು ಅರ್ಥ.

ಹಾಗಾದರೆ ನಾವೂ ಸೋದರಳಿಯನಂತೆ ಚಳಿಗಾಲದ ಟೈರು ಕೊಳ್ಳಬೇಕೆ? ಖಂಡಿತ ಬೇಡ. ಆ ಟೈರಿನ ರಬ್ಬರು ಮೃದು. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಅದರ ಉಪಯೋಗ, ಬಿಸಿಲಿನಲ್ಲಿ ಬೇಗನೆ ಸವೆಯುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. (ಪುಟ್ಟ ಇಂಗ್ಲೆಂಡ್ ಎಂಬ ಬಿರುದು ಹೊತ್ತ ತಳಿಯವರು ಮುನಿಸಿಕೊಳ್ಳಬಾರದು.) ನಮ್ಮ ಹಿಮವೆಂದರೆ ಮಳೆನೀರು, ಅದರಲ್ಲೂ ಬಹುದಿನಗಳ ಬಿಸಿಲಿನ ನಂತರದ ಮೊದಲ ಮಳೆ, ಎಣ್ಣೆ ಧೂಳುಗಳೊಡನೆ ಕಲೆತು ರಸ್ತೆಗೆ ಸಾಬೂನು ಬಳಿದಂತೆ ಮಾಡುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡಿದರೆ ಸಾಲದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಬೇಕು: 2321 ಎಂದಿದ್ದರೆ ಅದು 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸದೆಂದು ಅಂಗಡಿಯವರೊಬ್ಬರು ನನ್ನೆದುರು ಇಟ್ಟ ಟೈರಿಗೆ ನಾಲ್ಕು ವರ್ಷ ತುಂಬಿತ್ತು. ಇಟ್ಟಲ್ಲೇ ಇದ್ದರೂ ರಬ್ಬರು ಗಡುಸಾಗುತ್ತದೆ. ಎರಡನ್ನೇ ಕೊಳ್ಳುವ ಶಕ್ತಿಯಿದ್ದರೆ ಹೊಸತನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ, ಹಿಂದಿದ್ದ ಕಡಿಮೆ ಸವೆದವನ್ನು ಮುಂದಕ್ಕೆ ತರುವುದು ಲೇಸು. ಮುಂದೆಯೇ ಹಾಕಬೇಕೆಂದು ಅಂಗಡಿಯವರು ವಾದಿಸಿದರು. ನಾನೂ ವಾದವನ್ನೇ ನಂಬಿ ಬದುಕುವವನು, ಬಿಡಲಿಲ್ಲ. ಮುಂದಿನ ಚಕ್ರ ಜಾರುವುದು ಕೈಗೆ ತಿಳಿಯುತ್ತದೆ, ವೇಗ ಇಳಿಸಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಈಗ ಮಕ್ಕಳ ಮಾತು. ಕನ್ನಡ ಮಾಧ್ಯಮದ ಶಾಲೆ ಪ್ರತಿ ಊರಿನಲ್ಲೂ ಇಲ್ಲದ ಕಾರಣ ನಮ್ಮಲ್ಲಿ ಹಲವರು ಹಣ ಕೂಡಿಸಿ ವ್ಯಾನು ಗೊತ್ತುಮಾಡಿಕೊಂಡಿದ್ದೇವೆ. 2012ರಲ್ಲಿ ಚೆನ್ನೈನಲ್ಲಿ ಶಾಲಾ ಬಸ್ಸಿನ ತಳದ ರಂಧ್ರದಿಂದ ಬಿದ್ದು ಎರಡನೆಯ ತರಗತಿಯ ಬಾಲಕಿಯೊಬ್ಬಳು ಮೃತಳಾದ ಬಳಿಕ ತಮಿಳುನಾಡು ಸರ್ಕಾರ ಶಾಲಾ ಬಸ್ಸುಗಳಿಗೆಂದೇ ವಿಶೇಷ ನಿಯಮಗಳನ್ನು ತಂದಿತು. ಶಾಲೆಯ ಬಸ್ಸುಗಳು ಬೇಸಿಗೆಯ ರಜೆಯಲ್ಲಿ ಅಧಿಕಾರಿಗಳ ತಪಾಸಣೆಗೆ ನಿಲ್ಲುತ್ತವೆ. ನಾವು ಗೊತ್ತುಮಾಡಿದ ವ್ಯಾನು ಆ ಸಾಲಿನಲ್ಲಿ ನಿಂತದ್ದನ್ನು ನಾನಂತೂ ಕಂಡಿಲ್ಲ.

ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಚಾಲಕನನ್ನು ಮಾತ್ರ ಹಿಡಿಯುವುದಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕಾಣಬಹುದಾಗಿದ್ದ ದೋಷವುಳ್ಳ ವಾಹನವನ್ನು ಓಡಿಸಲು ಬಿಟ್ಟವನೂ ಅದರ ವ್ಯಾಪ್ತಿಗೆ ಬರುತ್ತಾನೆ. ದಂಡ 1500 ರೂಪಾಯಿಗಳವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5000 ರೂಪಾಯಿ ದಂಡ, ಇಲ್ಲವೆ ಎರಡೂ. ಬೋಳು ಟೈರು ಬಾಗಿ ನೋಡಿದ ಯಾರಿಗೂ ಕಾಣುವ ದೋಷ.

ನಮ್ಮ ಬೀದಿಯ ವ್ಯಾನಿನ ಚಾಲಕ ಒಳ್ಳೆಯ ಮನುಷ್ಯ. ನಾಲ್ಕು ಟೈರುಗಳ ಬೆಲೆ ಅವರ ಒಂದು ತಿಂಗಳ ಉಳಿತಾಯಕ್ಕೆ ನಿಲುಕುವಂಥದ್ದಲ್ಲ. ಆದ್ದರಿಂದ ಹನ್ನೊಂದು ಮನೆಯವರು ಸೇರಿ ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿದ್ದೇವೆ. ಮೊದಲೆರಡು ಟೈರುಗಳು ಕಳೆದ ಭಾನುವಾರ ಬಂದವು. ಅಂಕಿಗಳನ್ನು ಓದಿ ಹೇಳಿದ್ದು ಆರನೆಯ ತರಗತಿಯ ನನ್ನ ಮಗಳು.